ಕರಾವಳಿಯ ಸೌರಫಲಕ ಚೌಕಟ್ಟುಗಳಲ್ಲಿ ಗ್ಯಾಲ್ವಾನಿಕ್ ಸಂಕ್ಷಾರಣ

ಗ್ಯಾಲ್ವಾನಿಕ್ ಸಂಕ್ಷಾರಣ ಎಂಬುದು ಎರಡು ಭಿನ್ನ ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದು, ಅವೆರಡೂ ಉಪ್ಪುನೀರಿನಂತಹ ದ್ರವದಿಂದ ತೋಯ್ದಾಗ, ಅವುಗಳಲ್ಲಿ ಹೆಚ್ಚು ಕ್ರಿಯಾಶೀಲವಾದ ಲೋಹವು ಬೇಗನೆ ನಶಿಸುವ ವಿದ್ಯುತ್‌ರಾಸಾಯನಿಕ ಕ್ರಿಯೆಯಾಗಿದೆ. ಸೌರಫಲಕಗಳನ್ನು ಛಾವಣಿಗೆ ಬಿಗಿಯುವ ಚೌಕಟ್ಟಿನಲ್ಲಿ ಅಲ್ಯೂಮಿನಿಯಂ, ಸತು ಲೇಪಿತ ಉಕ್ಕು, ಸ್ಟೇನ್‌ಲೆಸ್ ಸ್ಟೀಲ್ ಮತ್ತು ತಾಮ್ರ ಒಟ್ಟಾಗಿ ಬಳಕೆಯಾಗುವುದರಿಂದ ಸಮುದ್ರತೀರದ ಊರುಗಳಲ್ಲಿ ಇದು ಮುಖ್ಯ ಸಮಸ್ಯೆಯಾಗಿದೆ. ಫಲಕಗಳಿಗೆ ತಯಾರಕರು ಸಾಮಾನ್ಯವಾಗಿ 25 ವರ್ಷಗಳ ಉತ್ಪಾದನಾ ಖಾತರಿ ನೀಡುತ್ತಾರೆ. ಆದರೆ ಜೋಡಣೆಯ ಸ್ಥಳದಲ್ಲಿ ಲೋಹ ಸವೆದರೆ, ಫಲಕ ಸುಸ್ಥಿತಿಯಲ್ಲಿದ್ದರೂ ಬಿರುಗಾಳಿಗೆ ಕಿತ್ತುಹೋಗುವ ಅಪಾಯವಿದೆ.

ಕಾರಣ

ಈ ಕ್ರಿಯೆ ನಡೆಯಲು ಮೂರು ಅಂಶಗಳು ಬೇಕು: ಎರಡು ಭಿನ್ನ ಲೋಹಗಳು, ಅವುಗಳ ನಡುವೆ ವಿದ್ಯುತ್ ಸಂಪರ್ಕ, ಮತ್ತು ಎರಡನ್ನೂ ಆವರಿಸಿದ ವಿದ್ಯುದ್ವಿಭಾಜ್ಯ ದ್ರವ. ಇವು ಸೇರಿದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ನಿರ್ಮಾಣವಾಗುತ್ತದೆ. ಕ್ರಿಯಾಶೀಲ ಲೋಹವು ಆನೋಡ್ ಆಗಿ ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಕರಗುತ್ತದೆ. ಇನ್ನೊಂದು ಕ್ಯಾಥೋಡ್ ಆಗಿ ಉಳಿದುಕೊಳ್ಳುತ್ತದೆ. ಮೂರರಲ್ಲಿ ಒಂದನ್ನು ತಪ್ಪಿಸಿದರೂ ಕ್ರಿಯೆ ನಿಲ್ಲುತ್ತದೆ.

ಪ್ರಮಾಣಕ ವಿದ್ಯುದ್ವಿಭವವು ಅಲ್ಯೂಮಿನಿಯಂಗೆ −1.66 ವೋಲ್ಟ್, ಸತುವಿಗೆ −0.76 ವೋಲ್ಟ್, ಕಬ್ಬಿಣಕ್ಕೆ −0.44 ವೋಲ್ಟ್ ಹಾಗೂ ತಾಮ್ರಕ್ಕೆ +0.34 ವೋಲ್ಟ್ ಆಗಿದೆ. ಆದರೆ ಅಲ್ಯೂಮಿನಿಯಂ ಮೇಲೆ ಸಹಜವಾಗಿ ಮೂಡುವ ಆಕ್ಸೈಡ್ ಪದರದ ಕಾರಣ, ಸಮುದ್ರದ ನೀರಿನಲ್ಲಿ ಅದು ಸತುವಿಗೆ ಹತ್ತಿರದ ಲೋಹದಂತೆ ವರ್ತಿಸುತ್ತದೆ. ಆದ್ದರಿಂದ ಸತು ಲೇಪಿತ ಉಕ್ಕು ಮತ್ತು ಅಲ್ಯೂಮಿನಿಯಂ ಹೆಚ್ಚಿನ ತೊಂದರೆಯಿಲ್ಲದೆ ಜೊತೆಗಿರಬಲ್ಲವು. ತಾಮ್ರ ಮತ್ತು ಅಲ್ಯೂಮಿನಿಯಂ ಜೋಡಿ ಮಾತ್ರ ಅತ್ಯಂತ ಹಾನಿಕರ.

ಇತಿಹಾಸ

ಈ ವಿದ್ಯಮಾನದ ಹೆಸರು ಇಟಲಿಯ ವಿಜ್ಞಾನಿ ಲುಯಿಜಿ ಗ್ಯಾಲ್ವಾನಿಯಿಂದ ಬಂದಿದೆ. ಆದರೆ ಅದರ ಪರಿಣಾಮ ಅದಕ್ಕೂ ಮೊದಲೇ ಗಮನಕ್ಕೆ ಬಂದಿತ್ತು. 1761ರಲ್ಲಿ ಬ್ರಿಟಿಷ್ ನೌಕಾಪಡೆಯು ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ, ಮರ ಕೊರೆಯುವ ಹುಳುಗಳಿಂದ ರಕ್ಷಿಸಲು, ತಾಮ್ರದ ತಗಡು ಹೊದಿಸಿತು. 1763ರಲ್ಲಿ ಪರೀಕ್ಷಿಸಿದಾಗ ತಗಡನ್ನು ಹಿಡಿದಿದ್ದ ಅನೇಕ ಕಬ್ಬಿಣದ ಮೊಳೆಗಳು ನಶಿಸಿಹೋಗಿದ್ದವು. ತಗಡಿಗೆ ಸುತ್ತಿದ್ದ ಕಂದು ಕಾಗದವು ಕಬ್ಬಿಣ ಮತ್ತು ತಾಮ್ರದ ನಡುವೆ ಉಳಿದುಕೊಂಡಿದ್ದ ಕಡೆ ಮಾತ್ರ ಮೊಳೆಗಳು ಗಟ್ಟಿಯಾಗಿದ್ದವು. ಲೋಹಗಳು ಒಂದನ್ನೊಂದು ಮುಟ್ಟದಂತೆ ನಡುವೆ ತಡೆ ಇಡುವ ಇಂದಿನ ಕ್ರಮದ ಮೂಲತತ್ತ್ವ ಇದೇ ಆಗಿದೆ.

ಕರಾವಳಿಯ ಪರಿಸ್ಥಿತಿ

ಅಲೆಗಳು ಒಡೆಯುವಾಗ ಸಿಡಿಯುವ ಸೂಕ್ಷ್ಮ ಹನಿಗಳು ಗಾಳಿಯೊಡನೆ ಒಳನಾಡಿಗೆ ಸಾಗಿ ಲೋಹದ ಮೇಲೆ ಉಪ್ಪನ್ನು ಬಿಡುತ್ತವೆ. ಸಾಪೇಕ್ಷ ಆರ್ದ್ರತೆ ಸುಮಾರು 75 ಪ್ರತಿಶತವನ್ನು ದಾಟಿದರೆ ಅಡುಗೆ ಉಪ್ಪು ಗಾಳಿಯ ತೇವವನ್ನು ಹೀರಿ ತಾನೇ ದ್ರವವಾಗುತ್ತದೆ. ಹೀಗಾಗಿ ಮಳೆಯಿಲ್ಲದ ದಿನವೂ ಲೋಹದ ಮೇಲೆ ವಿದ್ಯುದ್ವಿಭಾಜ್ಯದ ತೆಳುಪದರ ಇರುತ್ತದೆ. ಮಂಗಳೂರು, ಉಡುಪಿ, ಕಾರವಾರದಂತಹ ಊರುಗಳಲ್ಲಿ ಮುಂಗಾರಿನ ಮಳೆ ಫಲಕದ ಮೇಲ್ಭಾಗದ ಉಪ್ಪನ್ನು ತೊಳೆಯುತ್ತದೆಯಾದರೂ, ಫಲಕದ ಅಡಿಯಲ್ಲಿ ಮರೆಯಾಗಿರುವ ಜೋಡಣೆಗಳಿಗೆ ಆ ನೀರು ಸರಿಯಾಗಿ ತಲುಪುವುದಿಲ್ಲ.

ವಿಸ್ತೀರ್ಣದ ಪರಿಣಾಮ

ಹಾನಿಯ ವೇಗವು ಎರಡು ಲೋಹಗಳ ವಿಸ್ತೀರ್ಣದ ಪ್ರಮಾಣವನ್ನೂ ಅವಲಂಬಿಸಿದೆ. ದೊಡ್ಡ ಅಲ್ಯೂಮಿನಿಯಂ ಪಟ್ಟಿಗೆ ಚಿಕ್ಕ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಹಾಕಿದರೆ ಸವೆತವು ವಿಶಾಲ ಭಾಗದಲ್ಲಿ ಹಂಚಿಹೋಗಿ ನಿಧಾನವಾಗುತ್ತದೆ. ಇದಕ್ಕೆ ಬದಲಾಗಿ ದೊಡ್ಡ ಸ್ಟೇನ್‌ಲೆಸ್ ಸ್ಟೀಲ್ ತಗಡಿಗೆ ಅಲ್ಯೂಮಿನಿಯಂ ರಿವೆಟ್ ಹಾಕಿದರೆ ಇಡೀ ಸವೆತ ಆ ರಿವೆಟ್ಟಿನ ಮೇಲೆಯೇ ಬೀಳುತ್ತದೆ. ಇದೇ ಕಾರಣದಿಂದ ಕ್ರಿಯಾಶೀಲ ಲೋಹಕ್ಕೆ ಮಾತ್ರ ಬಣ್ಣ ಬಳಿಯುವುದು ಅಪಾಯಕರ. ಬಣ್ಣ ಕಿತ್ತುಬಂದ ಚಿಕ್ಕ ಜಾಗದಲ್ಲಿ ಸವೆತ ಆಳಕ್ಕಿಳಿಯುತ್ತದೆ.

ತಡೆಗಟ್ಟುವ ಕ್ರಮಗಳು

• ಆನೋಡೀಕರಿಸಿದ ಅಲ್ಯೂಮಿನಿಯಂ ಪಟ್ಟಿಗಳನ್ನೂ, ಬೋಲ್ಟುಗಳಿಗೆ 304ಕ್ಕಿಂತ ಮಾಲಿಬ್ಡಿನಂ ಸೇರಿದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನೂ ಬಳಸುವುದು.
• ಭಿನ್ನ ಲೋಹಗಳು ಸೇರುವಲ್ಲಿ ನೈಲಾನ್ ಅಥವಾ ಇಪಿಡಿಎಂ ರಬ್ಬರಿನ ವಾಷರ್ ಹಾಗೂ ತೋಳು ಇಡುವುದು. ತೋಳಿಲ್ಲದಿದ್ದರೆ ಬೋಲ್ಟಿನ ದೇಹವು ರಂಧ್ರದ ಅಂಚನ್ನು ಮುಟ್ಟಿ ವಾಷರ್ ನಿಷ್ಪ್ರಯೋಜಕವಾಗುತ್ತದೆ.
• ಸತು ಲೇಪಿತ ಉಕ್ಕನ್ನು ಸ್ಥಳದಲ್ಲಿ ಕತ್ತರಿಸಿದರೆ ಅಥವಾ ಕೊರೆದರೆ, ತೆರೆದುಕೊಂಡ ಅಂಚಿಗೆ ಸತುಭರಿತ ಬಣ್ಣ ಬಳಿಯುವುದು.
• ನೀರು ನಿಲ್ಲದಂತೆ ಇಳಿಜಾರು ಕೊಡುವುದು. ತಾಮ್ರದ ಮೇಲಿಂದ ಹರಿದ ನೀರು ಅಲ್ಯೂಮಿನಿಯಂ ಮೇಲೆ ಬೀಳದಂತೆ ನೋಡಿಕೊಳ್ಳುವುದು.
• ಗ್ರಾಫೈಟ್ ಬೆರೆತ ಗ್ರೀಸನ್ನು ಬಳಸದಿರುವುದು. ಗ್ರಾಫೈಟ್ ಸ್ವತಃ ಪ್ರಬಲ ಕ್ಯಾಥೋಡ್ ಆಗಿದೆ.

ಫಲಕವನ್ನು ಕೊಳ್ಳುವಾಗ ಅದು ಲವಣಮಂಜಿನ ಪರೀಕ್ಷೆಗೆ ಸಂಬಂಧಿಸಿದ ಐಇಸಿ 61701 ಮಾನದಂಡವನ್ನು ಪೂರೈಸಿದೆಯೇ ಎಂದು ನೋಡಬೇಕು. ಆದರೆ ಇದು ಫಲಕಕ್ಕೆ ಸಂಬಂಧಿಸಿದ ಪರೀಕ್ಷೆ. ಛಾವಣಿಯ ಮೇಲೆ ಮಾಡಿದ ಜೋಡಣೆಗೆ ಅದು ಖಾತರಿಯಾಗುವುದಿಲ್ಲ.

ಭೂಸಂಪರ್ಕ

ಲೋಹಗಳನ್ನು ಪ್ರತ್ಯೇಕಿಸಿದಾಗ ಅವುಗಳ ನಡುವಿನ ವಿದ್ಯುತ್ ಸಂಪರ್ಕವೂ ಕಡಿದುಹೋಗುತ್ತದೆ. ಸುರಕ್ಷತೆಗಾಗಿ ಎಲ್ಲ ಚೌಕಟ್ಟುಗಳಿಗೂ ಭೂಸಂಪರ್ಕ ಇರಲೇಬೇಕಾದ್ದರಿಂದ ಅದಕ್ಕೆ ಪ್ರತ್ಯೇಕ ತಂತಿಯ ವ್ಯವಸ್ಥೆ ಅಗತ್ಯ. ಬರಿಯ ತಾಮ್ರದ ತಂತಿಯನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ನೇರವಾಗಿ ಬಿಗಿದರೆ ಸೇರುವ ಜಾಗದಲ್ಲಿ ಅಲ್ಯೂಮಿನಿಯಂ ಪುಡಿಯಾಗಿ ಸಂಪರ್ಕ ಸಡಿಲಗೊಳ್ಳುತ್ತದೆ. ತಂತಿ ಕಣ್ಣಿಗೆ ಕಾಣುತ್ತಿದ್ದರೂ ರಕ್ಷಣೆ ಇಲ್ಲದಂತಾಗಿ ಮುಟ್ಟಿದವರಿಗೆ ವಿದ್ಯುದಾಘಾತವಾಗಬಹುದು. ಆದ್ದರಿಂದ ಇಲ್ಲಿ ತವರ ಲೇಪಿತ ತಾಮ್ರದ ಅಥವಾ ದ್ವಿಲೋಹದ ಲಗ್‌ಗಳನ್ನು ಬಳಸಲಾಗುತ್ತದೆ.

ತಪಾಸಣೆ

ಅಲ್ಯೂಮಿನಿಯಂ ಅಥವಾ ಸತುವಿನ ಮೇಲೆ ಬಿಳಿಯ ಪುಡಿ, ಉಕ್ಕಿನ ಮೇಲೆ ಕೆಂಪು ತುಕ್ಕು, ಬೋಲ್ಟಿನ ಸುತ್ತ ಸಣ್ಣ ಕುಳಿಗಳು ಆರಂಭದ ಲಕ್ಷಣಗಳು. ಮಳೆಗಾಲ ಮುಗಿದ ನಂತರ ಒಮ್ಮೆ ಹಾಗೂ ಬೇಸಿಗೆಯಲ್ಲಿ ಒಮ್ಮೆ ಫಲಕದ ಅಡಿಭಾಗವನ್ನು ಪರೀಕ್ಷಿಸಿ ಸಿಹಿನೀರಿನಿಂದ ತೊಳೆಯುವುದು, ಸೀಳಿದ ವಾಷರ್‌ಗಳನ್ನು ಬದಲಿಸುವುದು ಹಾಗೂ ಭೂಸಂಪರ್ಕದ ರೋಧವನ್ನು ಅಳೆಯಿಸುವುದು ಉಚಿತ.