ಪಟ್ಟಣ ಬಿಟ್ಟು ಹೊಳೆಯ ದಂಡೆಗೆ

‘ಕೆಟ್ಟು ಪಟ್ಟಣ ಸೇರು’ ಎಂಬ ಗಾದೆ ಕನ್ನಡ ನಾಡಿನಲ್ಲಿ ಬಹು ಹಳೆಯದು. ಮಳೆ ಕೈಕೊಟ್ಟಾಗ, ಸಾಲ ಮೈಮೇಲೆ ಬಂದಾಗ, ಅಣ್ಣತಮ್ಮಂದಿರ ಪಾಲುಪಾರೀಕತ್ತಿನಲ್ಲಿ ಕೈಗೆ ಏನೂ ದಕ್ಕದೆ ಹೋದಾಗ ಹಳ್ಳಿಗನು ಗಂಟುಮೂಟೆ ಕಟ್ಟಿಕೊಂಡು ಪಟ್ಟಣದ ದಾರಿ ಹಿಡಿಯುತ್ತಿದ್ದನು. ಆದರೆ ಪಟ್ಟಣದಲ್ಲಿಯೇ ಸೋತವನು ಎಲ್ಲಿಗೆ ಸೇರಬೇಕು? ಈ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ. ಇಂದು ಬೆಂಗಳೂರಿನ ಅನೇಕ ಮಧ್ಯಮ ವರ್ಗದ ಸಂಸಾರಗಳು ಈ ಉತ್ತರವನ್ನೇ ಹುಡುಕುತ್ತಿವೆ.

2001ರ ಜನಗಣತಿಯಲ್ಲಿ ಬೆಂಗಳೂರು ಮತ್ತು ಅದರ ಸುತ್ತಣ ನಗರ ಪ್ರದೇಶದ ಜನಸಂಖ್ಯೆ ಸುಮಾರು 57 ಲಕ್ಷವಿದ್ದಿತು. 2011ರಲ್ಲಿ ಅದು 85 ಲಕ್ಷವಾಯಿತು. ಮನೆ ಬಾಡಿಗೆಗೆ ಹಿಡಿಯಬೇಕಾದರೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ತೆರಬೇಕೆಂಬುದು ಅಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ನೌಕರಿಯ ಸ್ಥಳಕ್ಕೆ ಹೋಗಿ ಬರುವುದರಲ್ಲಿಯೇ ದಿನದ ಎರಡು ಮೂರು ಗಂಟೆ ಬೀದಿಯ ಪಾಲಾಗುತ್ತದೆ. ಕುಡಿಯುವ ನೀರು ಸುಮಾರು ನೂರು ಕಿಲೋಮೀಟರು ದೂರದ ಕಾವೇರಿಯಿಂದ ಯಂತ್ರಗಳ ಬಲದಿಂದ ಮೇಲೇರಿ ಬರಬೇಕು. 2024ರ ಮಾರ್ಚಿಯಲ್ಲಿ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರ್ ನೀರಿಗಾಗಿ ಜನ ಕಾದು ನಿಂತಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಬೇಕಾಯಿತು.

ಇದಕ್ಕೆ ನಾಲ್ಕು ವರ್ಷ ಮೊದಲೇ, 2020ರ ಸಾಂಕ್ರಾಮಿಕದ ದಿನಗಳಲ್ಲಿ, ಇನ್ನೊಂದು ಸಂಗತಿ ಬೆಳಕಿಗೆ ಬಂದಿತ್ತು. ಕಚೇರಿಗಳು ಮುಚ್ಚಿದಾಗ ಸಾವಿರಾರು ತರುಣರು ತಮ್ಮ ತಮ್ಮ ಊರುಗಳಿಗೆ ಮರಳಿ, ಅಜ್ಜನ ಮನೆಯ ಜಗಲಿಯ ಮೇಲೆಯೇ ಗಣಕಯಂತ್ರ ತೆರೆದು ಬೆಂಗಳೂರಿನ ಕೆಲಸವನ್ನು ಮಾಡಿದರು. ಸಂಬಳ ಬಂದಿತು, ಬಾಡಿಗೆ ಉಳಿಯಿತು. ‘ಹೀಗೆಯೇ ಇದ್ದುಬಿಟ್ಟರೆ?’ ಎಂಬ ಆಸೆ ಆಗ ಹುಟ್ಟಿತು.

ಊರು ಬಿಡುವ ಆಸೆ ಹುಟ್ಟಿದವರಿಗೆ ಮೊದಲು ಕಣ್ಣಿಗೆ ಕಟ್ಟುವುದು ಕಡಲ ತೀರ. ಕಾರವಾರ, ಹೊನ್ನಾವರ, ಕುಂದಾಪುರಗಳ ಹೆಸರು ಕೇಳಿದರೆ ಸಾಕು, ತೆಂಗಿನ ತೋಟದ ನಡುವೆ ಒಂದು ಹಂಚಿನ ಮನೆ ಮನಸ್ಸಿನಲ್ಲಿ ಎದ್ದು ನಿಲ್ಲುತ್ತದೆ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ, ಕಬ್ಬಿಣವನ್ನು ತಿನ್ನುವ ಉಪ್ಪುಗಾಳಿ, ಹತ್ತಿರದಲ್ಲಿ ಬಂಧುಬಳಗವಿಲ್ಲದ ಬಾಳು ಬಯಲುನಾಡಿನವರಿಗೆ ಸುಲಭವಾಗಿ ಒಗ್ಗುವುದಿಲ್ಲ. ಮಧ್ಯ ಕರ್ನಾಟಕದ ಮೂಲದವರಿಗೆ ಕಡಲಿನ ಸ್ಥಾನವನ್ನು ತುಂಬುವುದು ಹೊಳೆ. ತುಂಗಭದ್ರೆಯ ದಂಡೆಯ ಹರಿಹರ, ಅಲ್ಲಿಂದ ಸುಮಾರು ಹದಿನಾಲ್ಕು ಕಿಲೋಮೀಟರು ಈಚೆಗಿರುವ ದಾವಣಗೆರೆ, ಇವೆರಡೂ ಅಂಥವರ ಲೆಕ್ಕಾಚಾರದಲ್ಲಿ ಬರುವ ಊರುಗಳು.

ಕರೆದು ಕೂಡಿಸಿದ ಊರು

ಹೊರಗಿನವರು ಬಂದು ನೆಲೆಸುವುದು ದಾವಣಗೆರೆಗೆ ಹೊಸತೇನೂ ಅಲ್ಲ. ಒಂದು ಕಾಲಕ್ಕೆ ಅದು ಬೇತೂರಿನ ಮಗ್ಗುಲಲ್ಲಿದ್ದ ಸಣ್ಣ ಹಳ್ಳಿ. ಹೈದರಾಲಿಯು ಅದನ್ನು ಅಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಈ ಸರದಾರನು ವರ್ತಕರನ್ನು ಕರೆಕರೆದು, ಉತ್ತೇಜನ ಕೊಟ್ಟು, ಅಲ್ಲಿ ನೆಲೆಗೊಳಿಸಿದನು. ಪೇಟೆ ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ದಾವಣಗೆರೆ ಕಾಟನ್ ಮಿಲ್ಲು, ಚಂದ್ರೋದಯ, ಆಂಜನೇಯ ಮುಂತಾದ ಗಿರಣಿಗಳು ತಲೆಯೆತ್ತಿ, ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಬಂದಿತು. ಗಿರಣಿಯ ಸಿಳ್ಳು ಕೇಳಿ ಬೆಳಗಾಗುತ್ತಿದ್ದ ಕೇರಿಗಳು ಹುಟ್ಟಿದವು.

ಹರಿಹರದ ಚರಿತ್ರೆ ಇನ್ನೂ ಹಳೆಯದು. ಹರಿದ್ರಾ ನದಿಯು ತುಂಗಭದ್ರೆಯನ್ನು ಕೂಡುವ ಸ್ಥಳವಾದ್ದರಿಂದ ಅದಕ್ಕೆ ಕೂಡಲೂರು ಎಂಬ ಹೆಸರಿತ್ತು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಅಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. 1956ರಲ್ಲಿ ರಾಜ್ಯ ಒಂದಾಗುವವರೆಗೆ ಈ ಊರು ಮೈಸೂರು ಸಂಸ್ಥಾನದ ಅಂಚಿನಲ್ಲಿತ್ತು. ಹೊಳೆ ದಾಟಿದರೆ ಮುಂಬಯಿ ಪ್ರಾಂತ. ಇಂತಹ ಗಡಿಯೂರಿಗೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದಿತು. ಅಲ್ಲಿ ತಯಾರಾದ ಲೇತುಗಳು ದೇಶದ ನಾನಾ ಕಾರ್ಖಾನೆಗಳಿಗೆ ಹೋದವು. ಕಾರ್ಖಾನೆಯ ಜೊತೆಗೆ ಅದರ ನೌಕರರ ಕಾಲೊನಿಯೂ ಬೆಳೆಯಿತು. 1970ರ ದಶಕದಲ್ಲಿ ಎದುರು ದಂಡೆಯ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆಯು ಆರಂಭವಾಯಿತು.

ಹಾಗಾದರೆ ಇಂತಹ ಊರುಗಳಿಂದ ಜನ ಬೆಂಗಳೂರಿಗೆ ಹೋದದ್ದೇಕೆ? ಬತ್ತಿದ್ದು ಹೊಳೆಯಲ್ಲ, ದುಡಿಮೆ. ಹತ್ತಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಲೇತಿನ ಮುಂದೆ ನಿಂತು ನುರಿತ ಕೈಗಳು ಕೆಲಸ ಹುಡುಕಿಕೊಂಡು ಬೇರೆ ಊರುಗಳ ಕೈಗಾರಿಕಾ ಬಡಾವಣೆಗಳಿಗೆ ಹೋದವು. ಇಂದು ಬೆಂಗಳೂರನ್ನು ಬಿಟ್ಟು ಇಲ್ಲಿಗೆ ಬರಲು ಬಯಸುವವರಲ್ಲಿ ಹಾಗೆ ಹೋದವರ ಮಕ್ಕಳೂ ಇದ್ದರೆ ಆಶ್ಚರ್ಯವಿಲ್ಲ. ಆದ್ದರಿಂದ ಅಗ್ಗದ ಬಾಡಿಗೆಯನ್ನು ಕಂಡು ಹಿಗ್ಗುವವರು, ತಂದೆ ಬಿಟ್ಟುಹೋದ ಊರಿಗೆ ಮಗ ಯಾವ ದುಡಿಮೆಯನ್ನು ನಂಬಿ ಬರುತ್ತಾನೆ ಎಂಬುದನ್ನು ಮೊದಲು ಯೋಚಿಸಬೇಕು.

ಬಾಡಿಗೆ ಒಂದು, ಬಾಳುವೆ ಇನ್ನೊಂದು

ಒಂದು ಲೆಕ್ಕವನ್ನು ಉದಾಹರಣೆಗಾಗಿ ಹಾಕಿ ನೋಡಬಹುದು. ಬೆಂಗಳೂರಿನಲ್ಲಿ ಒಬ್ಬ ಗೃಹಸ್ಥನ ಸಂಬಳ ತಿಂಗಳಿಗೆ 60,000 ರೂಪಾಯಿ, ಬಾಡಿಗೆ 20,000 ಎಂದಿಟ್ಟುಕೊಳ್ಳೋಣ. ದಾವಣಗೆರೆಯಲ್ಲಿ ಅವನಿಗೆ 9,000ಕ್ಕೆ ಮನೆ ಸಿಕ್ಕಿತು. ಆದರೆ ಸ್ಥಳೀಯ ನೌಕರಿಯಲ್ಲಿ ದೊರೆತ ಸಂಬಳ 35,000 ಮಾತ್ರ. ಬಾಡಿಗೆಯಲ್ಲಿ ಉಳಿದದ್ದು 11,000, ಸಂಬಳದಲ್ಲಿ ಕಳೆದದ್ದು 25,000. ಮೊದಲು ಬಾಡಿಗೆ ಕಳೆದು 40,000 ಕೈಯಲ್ಲಿರುತ್ತಿತ್ತು, ಈಗ 26,000. ಅಡುಗೆ ಅನಿಲ, ಔಷಧಿ, ದೂರವಾಣಿ, ಮಗನ ಪಠ್ಯಪುಸ್ತಕ ಇವುಗಳ ಬೆಲೆ ಊರು ನೋಡಿ ಇಳಿಯುವುದಿಲ್ಲ. ಊರು ಅಗ್ಗವಾಯಿತು, ಸಂಸಾರ ಮಾತ್ರ ದುಬಾರಿಯಾಯಿತು!

ಅದೇ ಗೃಹಸ್ಥನ 60,000 ರೂಪಾಯಿ ಸಂಬಳ ಅಂತರ್ಜಾಲದ ಮೂಲಕ ದುಡಿದು ದಾವಣಗೆರೆಗೇ ಬರುವಂತಿದ್ದರೆ ಲೆಕ್ಕ ಬೇರೆಯಾಗುತ್ತದೆ. ನಿವೃತ್ತಿ ವೇತನ ಪಡೆಯುವವರಿಗೂ ಊರು ಬದಲಾದರೆ ವರಮಾನ ಬದಲಾಗುವುದಿಲ್ಲ. ವೈದ್ಯ, ಶಿಕ್ಷಕ, ದರ್ಜಿ, ಯಂತ್ರ ರಿಪೇರಿ ಮಾಡುವವನು, ಅಡಿಗೆಯಲ್ಲಿ ಪಳಗಿದವನು ಹೀಗೆ ಕೈಯಲ್ಲಿ ಕಸುಬಿರುವವರು ಎಲ್ಲಿಯೂ ಬದುಕಿಯಾರು. ಊರ ಹತ್ತಿರ ನಾಲ್ಕು ಎಕರೆ ಗದ್ದೆಯೋ ಅಡಕೆ ತೋಟವೋ ಇದ್ದವರಿಗೆ ಇನ್ನೊಂದು ಆಸರೆ. ಉಳಿದವರು, ಅದರಲ್ಲಿಯೂ ಮಧ್ಯವಯಸ್ಸಿನಲ್ಲಿ ಹೊಸ ನೌಕರಿ ಹುಡುಕಬೇಕಾದವರು, ನೌಕರಿಯ ಆದೇಶಪತ್ರ ಕೈಗೆ ಬರುವ ಮೊದಲು ಮನೆಯ ಸಾಮಾನನ್ನು ಲಾರಿಗೆ ಏರಿಸಬಾರದು.

ಈ ಲೆಕ್ಕದಲ್ಲಿ ಬಹಳ ಸಲ ಮರೆತುಹೋಗುವವಳು ಮನೆಯ ಗೃಹಿಣಿ. ಬೆಂಗಳೂರಿನಲ್ಲಿ ಗಂಡಹೆಂಡಿರಿಬ್ಬರೂ ದುಡಿಯುವ ಸಂಸಾರಗಳೇ ಹೆಚ್ಚಾಗುತ್ತಿವೆ. ಗಂಡನ ಕೆಲಸ ಮನೆಯಿಂದಲೇ ನಡೆಯುವಂಥದಾಗಿರಬಹುದು. ಹೆಂಡತಿಯದು ಬ್ಯಾಂಕಿನದೋ ಶಾಲೆಯದೋ ಆಸ್ಪತ್ರೆಯದೋ ಆಗಿದ್ದರೆ ಅವಳೊಡನೆ ಅದು ಪ್ರಯಾಣ ಮಾಡಲಾರದು. ಆಗ ಉಳಿತಾಯವೆಂದು ಬರೆದುಕೊಂಡ ಮೊತ್ತವು ನಿಜವಾಗಿ ಅವಳ ಹತ್ತು ಹದಿನೈದು ವರ್ಷಗಳ ಅನುಭವದ ಬೆಲೆ. ಮನೆಯೊಳಗಣ ಈ ಮಾತು ಮೊದಲೇ ಬಿಚ್ಚುಮನಸ್ಸಿನಿಂದ ಆಗದಿದ್ದರೆ, ಎಷ್ಟು ಅಗ್ಗದ ಮನೆಯಾದರೂ ಅದರಲ್ಲಿ ನೆಮ್ಮದಿ ಇರಲಾರದು.

ಇನ್ನು ಮಕ್ಕಳ ವಿದ್ಯಾಭ್ಯಾಸ, ಮುದುಕರ ಆರೋಗ್ಯ. ಇವೆರಡರಲ್ಲಿ ದಾವಣಗೆರೆ ಹಿಂದೆ ಬಿದ್ದ ಊರಲ್ಲ. ಇಂಜಿನಿಯರಿಂಗ್ ಕಾಲೇಜು 1951ರಲ್ಲಿಯೇ ಬಂದಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಸ್ಥಾಪನೆಯಾಗಿ, 1965ರಲ್ಲಿ ಜೆ. ಜೆ. ಎಂ. ವೈದ್ಯಕೀಯ ಕಾಲೇಜು ಆರಂಭವಾಯಿತು. ಗಿರಣಿಗಳು ಹೋದ ಮೇಲೆ ಊರನ್ನು ಎತ್ತಿ ಹಿಡಿದವುಗಳಲ್ಲಿ ಈ ಕಾಲೇಜುಗಳು ಮತ್ತು ಆಸ್ಪತ್ರೆಗಳು ಮುಖ್ಯವಾದುವು. 1997ರಲ್ಲಿ ದಾವಣಗೆರೆ ಜಿಲ್ಲಾ ಕೇಂದ್ರವಾಯಿತು, 2009ರಲ್ಲಿ ವಿಶ್ವವಿದ್ಯಾನಿಲಯ ಬಂದಿತು. 2016ರಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಯೋಜನೆಗೆ ಆರಿಸಿದ ಮೊದಲ ಇಪ್ಪತ್ತು ನಗರಗಳಲ್ಲಿ ಇದೂ ಒಂದು. ಬೆಂಗಳೂರು ಹೆದ್ದಾರಿಯಲ್ಲಿ ಸುಮಾರು 260 ಕಿಲೋಮೀಟರು. 2023ರ ಜೂನಿನಲ್ಲಿ ಆರಂಭವಾದ ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು ದಾವಣಗೆರೆಯಲ್ಲಿ ನಿಲ್ಲುವುದರಿಂದ, ತಿಂಗಳಿಗೊಮ್ಮೆ ಕಚೇರಿಗೆ ಮುಖ ತೋರಿಸಬೇಕಾದವರಿಗೆ ಅನುಕೂಲವಾಗಿದೆ.

ಹೊಳೆ ಇದ್ದರೂ ನೀರಿನ ಚಿಂತೆ

ಬೆಂಗಳೂರಿನ ನೀರಿನ ಬವಣೆಯಿಂದ ಬೇಸತ್ತವರು, ಹೊಳೆಯ ದಂಡೆಗೆ ಹೋದರೆ ಆ ಚಿಂತೆ ತೀರಿತೆಂದು ಭಾವಿಸುವುದು ಸಹಜ. ಆದರೆ ಇಲ್ಲಿಯೂ ನೀರು ತಾನಾಗಿ ಮನೆಗೆ ಬರುವುದಿಲ್ಲ. ದಾವಣಗೆರೆಗೆ ಎರಡು ಆಧಾರಗಳು. ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ತುಂಗಭದ್ರೆಯ ನೀರನ್ನೆತ್ತಿ ಕೊಳವೆಯಲ್ಲಿ ಕಳಿಸುವುದು ಒಂದು; ಭದ್ರಾ ನಾಲೆಯ ನೀರನ್ನು ಕುಂದವಾಡದ ಕೆರೆಯಲ್ಲಿ ತುಂಬಿಟ್ಟುಕೊಳ್ಳುವುದು ಇನ್ನೊಂದು. ನಾಲೆಯಾದರೋ ಲಕ್ಕವಳ್ಳಿಯ ಅಣೆಕಟ್ಟಿನಿಂದ ಬರತಕ್ಕದ್ದು. ಅಣೆಕಟ್ಟೆಯಲ್ಲಿ ನೀರು ಕಡಿಮೆಯಾದ ವರ್ಷ ಕೊನೆಯ ಭಾಗದ ಗದ್ದೆಗಳಿಗೆ ನೀರು ತಲುಪದೆ ರೈತರು ಚಳುವಳಿ ಹೂಡುವುದುಂಟು. ಹೊಸದಾಗಿ ಬಂದು ನಲ್ಲಿ ತಿರುಗಿಸುವವನು ಅದೇ ರೈತನೊಡನೆ ಒಂದೇ ನೀರನ್ನು ಹಂಚಿಕೊಳ್ಳುತ್ತಿದ್ದಾನೆ ಎಂಬುದನ್ನು ಮರೆಯಬಾರದು.

ಹರಿಹರದಲ್ಲಿ ಹೊಳೆ ಕಣ್ಣೆದುರಿಗೇ ಇದೆ. ಮಳೆಗಾಲದಲ್ಲಿ ಮಲೆನಾಡಿನ ನೀರೆಲ್ಲ ಕೆಂಪಗೆ ಹರಿದು ಬಂದಾಗ ತಗ್ಗಿನ ಕೇರಿಗಳಿಗೆ ನುಗ್ಗುವ ಭಯ. ಬೇಸಗೆಯಲ್ಲಿ ಬಂಡೆಗಳು ಎದ್ದು ಕಾಣುವಷ್ಟು ಸೊರಗುವ ಭಯ. ಕೈಗಾರಿಕೆಯ ಊರೆಂಬ ಕೀರ್ತಿಗೂ ಹೊಳೆ ಬೆಲೆ ತೆತ್ತಿದೆ. 1980ರ ದಶಕದಲ್ಲಿ ತುಂಗಭದ್ರೆಯ ಮಾಲಿನ್ಯದ ವಿರುದ್ಧ ಸಮಾಜ ಪರಿವರ್ತನ ಸಮುದಾಯದ ಮುಂದಾಳುತನದಲ್ಲಿ ನಡೆದ ಹೋರಾಟವು ನಾಡಿನ ಗಮನವನ್ನು ಸೆಳೆದಿತ್ತು. ಕಾರ್ಖಾನೆ ಬೇಕು, ಹೊಳೆಯೂ ಬೇಕು ಎಂಬ ಇಬ್ಬಂದಿಯನ್ನು ದಂಡೆಯ ಜನ ಬಹುಕಾಲದಿಂದ ಬಲ್ಲರು.

ಹವೆಯ ವಿಷಯವನ್ನೂ ಹೇಳಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದ್ದರೆ ದಾವಣಗೆರೆ ಸುಮಾರು 600 ಮೀಟರು. ಈ ಮುನ್ನೂರು ಮೀಟರಿನ ಅಂತರವನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ಮೈ ತಾನೇ ತಿಳಿದುಕೊಳ್ಳುತ್ತದೆ.

‘ಯಾರ ಪೈಕಿ?’

ಹೀಗಿದ್ದೂ ಈ ಊರುಗಳಿಗೆ ಮನಸ್ಸೋಲುವವರು ಕಡಿಮೆಯಿಲ್ಲ. ಸೌದೆಯ ಒಲೆಯ ಮೇಲೆ ಬೆಣ್ಣೆ ಸುರಿದು ಹುಯ್ದ ದೋಸೆ, ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಸಂಜೆಗೆ ಭಟ್ಟಿಯಿಂದ ಬಂದ ಮಂಡಕ್ಕಿಯ ಜೊತೆ ಬಿಸಿ ಮೆಣಸಿನಕಾಯಿ. ಇವುಗಳ ರುಚಿಗೆ ಬೆಂಗಳೂರಿನಲ್ಲಿಯೂ ಗಿರಾಕಿಗಳುಂಟು. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಗೆ ಊರಿಗೆ ಊರೇ ನೆಂಟರಿಂದ ತುಂಬುತ್ತದೆ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಚರ್ಚಿಗೆ ದೂರದೂರದ ಭಕ್ತರು ಬರುತ್ತಾರೆ. ಮನೆಯಿಂದ ಪೇಟೆಗೆ ಹೋಗಿ ಬರುವುದು ಅರ್ಧ ಗಂಟೆಯ ಕೆಲಸ. ದಿನಕ್ಕೆ ಎರಡು ಗಂಟೆ ಉಳಿದರೆ, ತಿಂಗಳಿಗೆ ಇಪ್ಪತ್ತೈದು ದಿನಗಳ ಲೆಕ್ಕದಲ್ಲಿ ಐವತ್ತು ಗಂಟೆ ಉಳಿಯಿತು. ತಂದೆಯು ಮಕ್ಕಳೊಡನೆ ಕುಳಿತು ಉಣ್ಣುವ ಐವತ್ತು ಗಂಟೆಗಳಿಗೆ ಯಾವ ಬೆಲೆ ಕಟ್ಟುವುದು?

ಆದರೆ ಈ ನಿಕಟತೆಗೂ ಒಂದು ಸುಂಕವುಂಟು. ಮಹಾನಗರದಲ್ಲಿ ಪಕ್ಕದ ಮನೆಯವರ ಹೆಸರು ತಿಳಿಯದೆ ವರ್ಷಗಳು ಕಳೆಯುತ್ತವೆ. ಇಲ್ಲಿಯಾದರೋ ಸಾಮಾನು ಇಳಿಸುವ ಮೊದಲೇ ‘ಯಾವೂರ್ರೀ ನಿಮ್ದು? ಯಾರ ಪೈಕಿ?’ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯ ಹಿಂದೆ ಅಕ್ಕರೆಯೂ ಇರಬಹುದು, ಜಾತಿ ತಿಳಿಯುವ ಕುತೂಹಲವೂ ಇರಬಹುದು. ನೆಂಟರಿಲ್ಲದವರಿಗೆ, ಬೇರೆ ಮತದವರಿಗೆ, ಒಂಟಿಯಾಗಿ ಬಾಳುವ ಹೆಣ್ಣಿಗೆ ಮನೆ ಸಿಗುವುದು ಕಷ್ಟವಾಗಬಹುದು. ಅದೇ ನೆರೆಯವರು ರಾತ್ರಿ ಹೊತ್ತಿನಲ್ಲಿ ಕಾಯಿಲೆ ಬಿದ್ದವರನ್ನು ಆಸ್ಪತ್ರೆಗೆ ಒಯ್ಯಲು ಕರೆಯದೆಯೇ ಬಂದು ನಿಲ್ಲುವುದೂ ಉಂಟು. ಎರಡನ್ನೂ ಸ್ವೀಕರಿಸುವವರಿಗೇ ಸಣ್ಣ ಊರು ಒಗ್ಗುತ್ತದೆ.

ಆದುದರಿಂದ ಈ ದಾರಿ ಹಿಡಿಯಬಯಸುವವರು ಆತುರಪಡಬಾರದು. ಬೆಂಗಳೂರಿನಲ್ಲಿ ನಿವೇಶನವೋ ಮನೆಯೋ ಇದ್ದರೆ ಅದನ್ನು ಕೂಡಲೇ ಮಾರುವುದು ಸಲ್ಲ. ಮಾರಿದ ಮೇಲೆ ಮತ್ತೆ ಕೊಳ್ಳುವ ಶಕ್ತಿ ಮಧ್ಯಮ ವರ್ಗದವರಿಗೆ ಬರುವುದು ಕಷ್ಟ. ಮೊದಲ ವರ್ಷ ಬಾಡಿಗೆಯ ಮನೆಯಲ್ಲಿಯೇ ಇದ್ದು, ಒಂದು ಮಳೆಗಾಲವನ್ನೂ ಒಂದು ಬೇಸಗೆಯನ್ನೂ ಕಳೆಯಬೇಕು. ಮನೆ ನೋಡಲು ಹೋಗುವುದಾದರೆ ಹೊಳೆ ತುಂಬಿ ಹರಿಯುವ ಶ್ರಾವಣದಲ್ಲಿ ಹೋಗುವುದಕ್ಕಿಂತ, ಬಿಸಿಲು ನೆತ್ತಿಗೇರಿ, ಹರಿಹರದ ಸೇತುವೆಯ ಕೆಳಗೆ ಬಂಡೆಗಳು ಕಾಣಿಸುವ ವೈಶಾಖದಲ್ಲಿ ಹೋಗುವುದು ಲೇಸು. ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂದು ಮನೆಯ ಯಜಮಾನನನ್ನಲ್ಲ, ಪಕ್ಕದ ಮನೆಯ ತಾಯಿಯನ್ನು ಕೇಳಬೇಕು. ಆಗಲೂ ಆ ಊರು ಇಷ್ಟವಾದರೆ ಅಲ್ಲಿ ಧೈರ್ಯವಾಗಿ ಬಾಳು ಹೂಡಬಹುದು.