ಗರಗಸ ತಿಂದ ಎರಡು ಸೆಂಟಿಮೀಟರ್

ಬಿ.ಕಾಂ. ಮುಗಿಸಿ ಎರಡು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದೆ. ಎರಡನೇ ಸಲವೂ ಪಟ್ಟಿಯಲ್ಲಿ ನನ್ನ ನಂಬರ್ ಇರಲಿಲ್ಲ. ಧಾರವಾಡದ ರೂಮು ಖಾಲಿ ಮಾಡಿ ಕುಷ್ಟಗಿಗೆ ಬಂದೆ. ಅಪ್ಪ ಬಡಗಿ. ಬಾಗಿಲು, ಕಿಟಕಿ ಮಾಡುತ್ತಾನೆ. ಓದಿದ್ದು ಏಳನೇ ಕ್ಲಾಸು. ‘ಏನಾತು?’ ಎಂದು ಒಮ್ಮೆಯೂ ಕೇಳಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚುತ್ತಿತ್ತು.

2024ರ ಡಿಸೆಂಬರ್‌ನಲ್ಲಿ 18ರ ಹರೆಯದ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಓಣಿಯ ಹುಡುಗರಿಗೆ ಮೊಬೈಲಿನಲ್ಲಿ ಚೆಸ್ ಆಡುವ ಹುಚ್ಚು ಹಿಡಿದಿತ್ತು. ಅವರಿಗೊಂದು ದೊಡ್ಡ ಮರದ ಚದುರಂಗದ ಹಲಗೆ ಮಾಡೋಣವೆಂದು ಏಪ್ರಿಲ್ ಬಿಸಿಲಲ್ಲಿ ಅಪ್ಪನ ಅಂಗಡಿಯ ಉಳಿಕೆ ಕಟ್ಟಿಗೆ ಆರಿಸಲು ಕುಳಿತೆ.

ಒಂದೊಂದು ಮನೆ 9 ಸೆಂ.ಮೀ., ಎಂಟು ಮನೆಗೆ 72. ಅರವತ್ನಾಲ್ಕು ಚೂರು ಬಿಡಿಬಿಡಿಯಾಗಿ ಅಂಟಿಸಬೇಕಿಲ್ಲ. ತಿಳಿಬಣ್ಣದ ನಾಲ್ಕು ಸಾಗವಾನಿ ಪಟ್ಟಿ, ಕಡುಬಣ್ಣದ ನಾಲ್ಕು ಮತ್ತಿ ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಬೇಕು. ಒಣಗಿದ ಮೇಲೆ ಅಡ್ಡಲಾಗಿ ಎಂಟು ತುಂಡು ಕೊಯ್ದು, ಒಂದು ಬಿಟ್ಟು ಒಂದನ್ನು ತಿರುಗಿಸಿಟ್ಟರೆ ಮನೆಗಳು ತಾವೇ ಮೂಡುತ್ತವೆ.

ಕೊಯ್ದೆ. ಕೊನೆಯ ಸಾಲು 7 ಸೆಂ.ಮೀ. ಕೂಡ ಇಲ್ಲ! ಅಪ್ಪ ಬಂದು ನೋಡಿ ನಕ್ಕ: ‘ಗರಗಸ ತಿಂದಿದ್ದು ಯಾರ ಲೆಕ್ಕಕ್ಕ ಹಚ್ಚಿದಿ?’ ಒಂದು ಕೊಯ್ತಕ್ಕೆ 3 ಮಿ.ಮೀ.ನಂತೆ ಏಳು ಕೊಯ್ತಕ್ಕೆ 21 ಮಿ.ಮೀ. ಕಟ್ಟಿಗೆ ಪುಡಿಯಾಗಿ ಹೋಗಿತ್ತು. ಬಿ.ಕಾಂ. ಓದಿದವನಿಗೆ ಆ ಖರ್ಚು ಹೊಳೆದಿರಲಿಲ್ಲ.

ಮತ್ತೆ 75 ಸೆಂ.ಮೀ. ಪಟ್ಟಿಯಿಂದ ಶುರು ಮಾಡಿದೆ. ಈ ಸಲ ಅಳತೆ ಸರಿಯಾಯಿತು. ಸುತ್ತ ಚೌಕಟ್ಟು ಬಿಗಿದು, ಅಂಟು ಹಾಕಿ, ಸ್ಕ್ರೂ ಹೊಡೆದೆ. ಜುಲೈ ಮಳೆಗೆ ಹಲಗೆ ನಡುವೆ ಉಬ್ಬಿ ನಿಂತಿತು! ಕೈ ಚೆಲ್ಲಿ ಕುಳಿತವನಿಗೆ ಅಪ್ಪ ಹೇಳಿದ: ‘ಮಳಿಗಾಲದಾಗ ಕಟಗಿ ಅಗಲಕ್ಕ ಹಿಗ್ಗತೈತಿ. ಅದಕ್ಕ ಜಾಗ ಬಿಡಬೇಕಲೇ. ಬಿಚ್ಚು, ಇನ್ನೊಮ್ಮೆ ಮಾಡೂಣು.’ ಅಂದು ರಾತ್ರಿ ಹತ್ತರವರೆಗೆ ಇಬ್ಬರೂ ಕೂಡಿ ಕೆಲಸ ಮಾಡಿದೆವು. ಚೌಕಟ್ಟಿನ ಒಳಗೆ ತೋಡು ಕೊರೆದು, ಎರಡೂ ಬದಿ ತುಸು ಸಂದು ಬಿಟ್ಟು, ಅಂಟಿಲ್ಲದೆ ಹಲಗೆ ಕೂರಿಸಿದೆವು. ಕೆಲಸದ ನಡುವೆ ಪರೀಕ್ಷೆಯ ವಿಷಯ ನಾನೇ ತೆಗೆದೆ. ಅಪ್ಪ ಸುಮ್ಮನೆ ಕೇಳಿಸಿಕೊಂಡ.

ಚೌಕಟ್ಟಿನ ಅಂದಕ್ಕಾಗಿ ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋದೆ. ಮರದ ಗೊಂಬೆಗಳಿಗೆ ಜಿಐ ಮಾನ್ಯತೆ ಪಡೆದ ಊರದು. ಹುಣಸೆಬೀಜದ ಅಂಟಿನಲ್ಲಿ ನಾರು, ಮರದ ಪುಡಿ ಕಲಸಿ ಮೆತ್ತಿ, ಮೇಲೆ ಬಣ್ಣ ಕೊಡುವುದನ್ನು ಚಿತ್ರಗಾರರೊಬ್ಬರು ತಾಳ್ಮೆಯಿಂದ ತೋರಿಸಿದರು. ನನ್ನ ಬಳ್ಳಿ ಅವರಷ್ಟು ಚೆಂದ ಬರಲಿಲ್ಲ. ಆದರೂ ಬಂತು.

ಈಗ ಹಲಗೆ ಅಂಗಡಿ ಕಟ್ಟೆಯ ಮೇಲಿದೆ. ಆಟ ಶುರುವಾಗುವ ಮುನ್ನ ‘ಬಲಗೈ ಮೂಲ್ಯಾಗ ಬಿಳಿ ಮನಿ’ ಎಂದು ಹುಡುಗರೇ ತಿರುಗಿಸಿ ಇಡುತ್ತಾರೆ. ಯಲಬುರ್ಗಾದಿಂದ ಬಂದ ಗಿರಾಕಿಯೊಬ್ಬರು ಇಂಥದ್ದೇ ಇನ್ನೊಂದು ಬೇಕೆಂದಿದ್ದಾರೆ. ಮುಂದಿನ ಪರೀಕ್ಷೆಗೂ ಅರ್ಜಿ ಹಾಕಿದ್ದೇನೆ. ಬೆಳಿಗ್ಗೆ ಓದು, ಮಧ್ಯಾಹ್ನ ಗರಗಸ. ದಿನದ ವೇಳಾಪಟ್ಟಿ ಹಾಕುವಾಗ ಈಗ ಗರಗಸ ತಿನ್ನುವ ಪಾಲನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ!