ಏಷ್ಯಾದ ಮಲ್ಲವಿದ್ಯೆಗಳು

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರವೆಂಬ ಊರಿದೆ. ವಿಜಯನಗರದ ಕಾಲದ ಮುಸಲ್ಮಾನರ ಗೋರಿಗಳು ಅಲ್ಲಿ ಇಂದಿಗೂ ನಿಂತಿವೆ. ಅಲ್ಲಿಂದ ಮುಂದೆ ಸಾಗಿ ಅರಮನೆಯ ಆವರಣವನ್ನು ಹೊಕ್ಕರೆ ಮಹಾನವಮಿ ದಿಬ್ಬ ಕಾಣುತ್ತದೆ. ಅದರ ಪಾರ್ಶ್ವಗಳಲ್ಲಿ ಆನೆ, ಕುದುರೆ, ನರ್ತಕಿಯರ ಸಾಲುಗಳ ನಡುವೆ ಸೆಣಸುವ ಜಟ್ಟಿಗಳನ್ನೂ ಶಿಲ್ಪಿಗಳು ಕಡೆದಿದ್ದಾರೆ. ಮಲ್ಲವಿದ್ಯೆಗೆ ಅಂದಿನ ಜನರು ನೀಡಿದ್ದ ಮನ್ನಣೆಗೆ ಈ ಕಲ್ಲುಗಳೇ ಸಾಕ್ಷಿ.

1520ರ ಸುಮಾರಿನಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ಕಾಳಗಗಳನ್ನು ವರ್ಣಿಸಿದ್ದಾನೆ. ಹಲ್ಲು ಮುರಿಯುವ, ಮುಖ ವಿಕಾರಗೊಳ್ಳುವ ಹೊಡೆತಗಳು ಅಲ್ಲಿ ಬೀಳುತ್ತಿದ್ದವು. ಆದರೂ ಅದು ಅಂಕೆಯಿಲ್ಲದ ಹೊಡೆದಾಟವಾಗಿರಲಿಲ್ಲ. ಸರಿಸಮಾನರನ್ನು ಜೋಡಿಸಿ, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ತೀರ್ಪುಗಾರರಿದ್ದರು. ಸ್ವತಃ ಕೃಷ್ಣದೇವರಾಯನು ನಸುಕಿಗೆ ಮುನ್ನವೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ವರಸೆ ಮಾಡಿ, ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನೆಂದೂ ಆತ ಬರೆದಿದ್ದಾನೆ. ಅರಮನೆಯಲ್ಲಿ ಕುಸ್ತಿಯಾಡುವ ಸ್ತ್ರೀಯರೂ ಇದ್ದರೆಂದು ನ್ಯೂನಿಜ್ ಎಂಬ ಮತ್ತೊಬ್ಬ ಪೋರ್ಚುಗೀಸನು ತಿಳಿಸುತ್ತಾನೆ.

ಈ ವಿದ್ಯೆಯ ಪರಂಪರೆ ಇನ್ನೂ ಹಿಂದಿನದು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದವನ್ನು ವಿವರಿಸಿ, ಮಲ್ಲರ ದರ್ಜೆ, ಆಹಾರ, ವ್ಯಾಯಾಮಗಳನ್ನು ನಿರೂಪಿಸಿದ್ದಾನೆ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಎದುರಾಳಿಯ ತಲೆಯಿಂದ ಒಂದು ಹನಿ ರಕ್ತ ಚಿಮ್ಮಿದೊಡನೆ ಪಂದ್ಯ ಮುಗಿಯುತ್ತದೆ. ಹೊಡೆತಕ್ಕಿಂತ ಹೊಡೆತದ ಮಿತಿಯೇ ಅಲ್ಲಿ ಮುಖ್ಯ.

ನಮ್ಮ ಊರುಗಳ ಗರಡಿಮನೆಗಳಲ್ಲಿ ಹದಗೊಳಿಸಿದ ಕೆಮ್ಮಣ್ಣೇ ಅಖಾಡ. ಮಣ್ಣು ಮೆತ್ತಗಿರುವುದರಿಂದ ಬಿದ್ದವನಿಗೆ ಪೆಟ್ಟು ಕಡಿಮೆ. ಆಂಜನೇಯನಿಗೆ ಕೈಮುಗಿದು ಮಣ್ಣಿಗಿಳಿಯುವ ಹುಡುಗರು ದಂಡ, ಬಸ್ಕಿಗಳಿಂದ ಮೈ ಹುರಿಗೊಳಿಸಿ, ಬಳಿಕ ಪಟ್ಟುಗಳನ್ನು ಕಲಿಯುತ್ತಾರೆ. ಕುಸ್ತಿ, ಪೈಲ್ವಾನ, ಉಸ್ತಾದ ಎಂಬ ಮಾತುಗಳು ಪಾರಸಿಯಿಂದ ಬಂದವು. ಇರಾನಿನ ವ್ಯಾಯಾಮಶಾಲೆಗಳಲ್ಲಿಯೂ ಮರದ ಗದೆಗಳನ್ನು ತಿರುಗಿಸುವ ಅಭ್ಯಾಸವಿದೆ. 15ನೆಯ ಶತಮಾನದಲ್ಲಿ ಇಮ್ಮಡಿ ದೇವರಾಯನು ಮುಸಲ್ಮಾನ ಯೋಧರನ್ನು ತನ್ನ ಸೇನೆಗೆ ಸೇರಿಸಿಕೊಂಡಿದ್ದನು. ಆಂಜನೇಯನ ಪಟದ ಕೆಳಗೆ ಉಸ್ತಾದನು ಪಾಠ ಹೇಳುವ ಗರಡಿಯಲ್ಲಿ ಎರಡು ಸಂಪ್ರದಾಯಗಳು ಬೆರೆತಿವೆ.

ನೆರೆಯ ಕೇರಳದ ಕಳರಿಪಯಟ್ಟು ನೆಲಮಟ್ಟಕ್ಕಿಂತ ತಗ್ಗಾದ ಅಂಗಳದಲ್ಲಿ ನಡೆಯುತ್ತದೆ. ಮೊದಲು ದೇಹವನ್ನು ಬಾಗಿಸುವ ವರಸೆ, ಅನಂತರ ಕೋಲು, ಆಮೇಲೆ ಕತ್ತಿ ಗುರಾಣಿ ಎಂಬುದು ಅದರ ಕ್ರಮ. ಪೆಟ್ಟಾದ ಮೈಗೆ ಚಿಕಿತ್ಸೆ ಮಾಡುವುದೂ ಅಲ್ಲಿನ ಗುರುವಿನ ವಿದ್ಯೆಯೇ. ಚೀನದ ಶಾವೊಲಿನ್ ಮಠ ಭಿಕ್ಷುಗಳ ಯುದ್ಧಕಲೆಗೆ ಹೆಸರಾಗಿದೆ. ಥಾಯ್ಲೆಂಡಿನ ಮಲ್ಲರು ಮುಷ್ಟಿಯ ಜೊತೆಗೆ ಮೊಣಕೈ, ಮೊಣಕಾಲುಗಳನ್ನೂ ಬಳಸುತ್ತಾರೆ. ಕೊರಿಯಾದ ಟೇಕ್ವಾಂಡೋ ಒದೆತಗಳ ಕಲೆ. ಕರಾಟೆಯೆಂದರೆ ‘ಬರಿಗೈ’. ಅದು ಒಕಿನಾವ ದ್ವೀಪದಲ್ಲಿ ಬೆಳೆದು ಜಪಾನಿನ ಒಳನಾಡಿಗೆ ಹರಡಿತು.

ಜೂಡೋವಿನ ಕಥೆ ವಿಶೇಷವಾದುದು. ಕೃಶಶರೀರದ ಜಿಗೊರೊ ಕಾನೊ ಎಂಬ ಯುವಕನು ಹಳೆಯ ಜುಜುತ್ಸು ವಿದ್ಯೆಯನ್ನು ಕಲಿತು, ಅಪಾಯಕರ ಪಟ್ಟುಗಳನ್ನು ಸ್ಪರ್ಧೆಯಿಂದ ದೂರವಿಟ್ಟು, 1882ರಲ್ಲಿ ಟೋಕಿಯೋದಲ್ಲಿ ಶಾಲೆ ತೆರೆದನು. ಎದುರಾಳಿಯ ಬಲವನ್ನೇ ಬಳಸಿ ಅವನನ್ನು ಕೆಡಹುವುದು ಇದರ ಗುಟ್ಟು. ಅಲ್ಲಿ ಮೊದಲು ಕಲಿಸುವುದು ಬೀಳಿಸುವುದನ್ನಲ್ಲ, ನೋವಾಗದಂತೆ ಬೀಳುವುದನ್ನು. 1964ರಲ್ಲಿ ಜೂಡೋ ಒಲಿಂಪಿಕ್ ಕ್ರೀಡೆಯಾಯಿತು.

ಕೊಲ್ಲುವ ವಿದ್ಯೆಗಳಾಗಿ ಹುಟ್ಟಿದ ಇವುಗಳಲ್ಲಿ ಹಲವು, ಕಾಲಕ್ರಮದಲ್ಲಿ ತನ್ನನ್ನು ತಾನು ಗೆಲ್ಲುವ ವಿದ್ಯೆಗಳಾಗಿ ಮಾರ್ಪಟ್ಟವು. ಕೋಪಗೊಂಡವನು ಕಾಲಿನ ನೆಲೆ ತಪ್ಪುತ್ತಾನೆ. ಸೊಕ್ಕಿದವನು ಎದುರಾಳಿಯನ್ನು ಅಳೆಯಲಾರ. ಆದ್ದರಿಂದಲೇ ಪಂದ್ಯಕ್ಕೆ ಮುನ್ನ ಜಟ್ಟಿಯು ಮಣ್ಣನ್ನು ಮುಟ್ಟಿ ನಮಸ್ಕರಿಸುತ್ತಾನೆ, ಜೂಡೋಪಟು ಎದುರಾಳಿಗೆ ತಲೆಬಾಗುತ್ತಾನೆ. ಈ ವಿನಯವನ್ನು ಮರೆತರೆ ಉಳಿಯುವುದು ತೋಳ್ಬಲ ಮಾತ್ರ, ವಿದ್ಯೆಯಲ್ಲ.